ಪದ್ದಿ ಇಲ್ಲದ ಬ್ರಂಚು

ಒಂದು ಮದುವೆ ನಿಶ್ಚಯ ಮಾಡಿಬಿಡಬಹುದು. ಆದರೆ ಮೂವರು ಗೆಳತಿಯರು ರವಿವಾರ ಬೆಳಿಗ್ಗೆ ಎಲ್ಲಿ ಕೂತು ತಿನ್ನಬೇಕು ಅನ್ನುವುದನ್ನು ನಿಶ್ಚಯ ಮಾಡುವುದಿದೆಯಲ್ಲ, ಆ ಕೆಲಸ ಮಾತ್ರ ಯಾರಿಗೂ ಬೇಡ.

ನಮ್ಮ ವಾಟ್ಸಾಪ್ ಗ್ರೂಪಿನ ಅವಸ್ಥೆ ಕೇಳಿ. ಮಂಗಲಾಗೆ ಪಾರ್ಕಿಂಗ್ ಬೇಕು. ಶುಭಾಂಗಿಗೆ ಮ್ಯೂಸಿಕ್ ಜೋರಾಗಿರಬಾರದು. ನನಗೆ ಬೆನ್ನಿಗೆ ಆಸರೆಯಿರುವ ಕುರ್ಚಿ ಬೇಕು (ಈಗಿನ ಕೆಫೆಗಳಲ್ಲಿ ಸ್ಟೂಲಿನ ಮೇಲೆ ಕೂರಿಸುತ್ತಾರೆ, ಇಳಿಯುವಾಗ ಸೊಂಟ ಅಲ್ಲೇ ಉಳಿಯುತ್ತದೆ). ಒಬ್ಬಳು ಲಿಂಕ್ ಹಾಕುತ್ತಾಳೆ. ಇನ್ನೊಬ್ಬಳು ಹೆಬ್ಬೆಟ್ಟು ಒತ್ತುತ್ತಾಳೆ. ಶನಿವಾರ ಸಂಜೆ ಮೂರನೆಯವಳು, 'ಅಲ್ಲಿ ಬ್ಯಾಡ ತಗೀ' ಅನ್ನುತ್ತಾಳೆ. ಅಲ್ಲಿಗೆ ಮುಗಿಯಿತು.

ಮೊದಲು ಹೀಗಿರಲಿಲ್ಲ. ಮೊದಲು ನಾವು ನಾಲ್ವರಿದ್ದೆವು. ಜಾಗ ಆರಿಸುವವಳು ಪದ್ದಿ.

ಪದ್ದಿ ಅಂದರೆ ಪದ್ಮಶ್ರೀ. ರವಿವಾರ ಪೇಟೆಯಲ್ಲಿ ಕಾಳುಕಡಿ ವ್ಯಾಪಾರ ಮಾಡುವ ಜೈನರ ಮನೆಯವಳು. ನಮ್ಮ ಜೊತೆ ಕಾಲೇಜು ಓದಿ, ಮದುವೆಯ ಗೋಜಿಗೆ ಹೋಗದೆ, ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದಳು. ಉಳ್ಳಾಗಡ್ಡಿ, ಬಳ್ಳೊಳ್ಳಿ, ಬಟಾಟೆ ಅವಳಿಗೆ ನಡೆಯುವುದಿಲ್ಲ. ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನೂ ಹಾಕುವುದಿಲ್ಲ. ಅಂದಮೇಲೆ ಡಿನ್ನರ್ ಎಲ್ಲಿಂದ ಬಂತು? ಇತ್ತ ಮಂಗಲಾ ಲಿಂಗಪೂಜೆ ಮುಗಿಸದೆ ನೀರೂ ಮುಟ್ಟುವವಳಲ್ಲ, ಅವಳ ಪೂಜೆಯೋ ಬೇಗ ಮುಗಿಯುವಂಥದ್ದಲ್ಲ. ಹಾಗಾಗಿ ಬೆಳಗಿನ ನಾಷ್ಟಾವೂ ಹೋಯಿತು. ಉಳಿದದ್ದು ಹತ್ತೂವರೆ, ಹನ್ನೊಂದರ ಹೊತ್ತು. ಬ್ರಂಚ್ ಅನ್ನುವ ಶಬ್ದ ಬೆಳಗಾವಿಯ ಬೋರ್ಡುಗಳಿಗೆ ಬರುವ ಮೊದಲೇ ನಾವು ಬ್ರಂಚ್ ಮಾಡುತ್ತಿದ್ದವರು!

ಪದ್ದಿ ಹೊಸ ಹೋಟೆಲಿಗೆ ಹೊಕ್ಕರೆ ಮೆನು ನೋಡುತ್ತಿರಲಿಲ್ಲ. ಸೀದಾ ಅಡುಗೆಮನೆಯ ಬಾಗಿಲಿಗೆ ಹೋಗಿ ಭಟ್ಟರನ್ನು ಮಾತಾಡಿಸುತ್ತಿದ್ದಳು. ಚಟ್ನಿಗೆ ಏನು ಹಾಕೀರಿ, ಸಾಂಬಾರಿಗೆ ಏನು ಹಾಕೀರಿ, ಎರಡಕ್ಕೂ ಒಂದೇ ಚಮಚವೋ ಹೇಗೆ? ತಿರುಗಿ ಬಂದವಳು 'ಕುಂದರ್ರಿ' ಅನ್ನಬೇಕು, ಇಲ್ಲಾ 'ಏಳ್ರಿ' ಅನ್ನಬೇಕು. ಎರಡೇ ಮಾತು. ನಾವು ಮಾತಾಡದೆ ಕೂರುತ್ತಿದ್ದೆವು, ಇಲ್ಲವೇ ಗೊಣಗುತ್ತ ಏಳುತ್ತಿದ್ದೆವು.

'ನಿನ್ನ ಸಲುವಾಗಿ ಊರಾಗಿನ ಅರ್ಧಾ ಹೋಟೆಲ್ ನಮಗ ಬಂದ್ ಆಗ್ಯಾವ ನೋಡ' ಎಂದು ಶುಭಾಂಗಿ ರೇಗುತ್ತಿದ್ದಳು.

'ಉಳದ ಅರ್ಧಾ ಚಲೋ ಅದಾವ ಅಂತ ಗೊತ್ತಾತಲ್ಲ, ಬಿಡ' ಎಂದು ಪದ್ದಿ ನಗುತ್ತಿದ್ದಳು. ಕೊನೆಗೆ ಸಿಹಿಗೆ ಅಂತ ಕುಂದಾ ತರಿಸುತ್ತಿದ್ದಳು. ತನ್ನ ಪಾಲು ಮುಗಿಸಿ ನಮ್ಮ ತಟ್ಟೆಗೂ ಚಮಚ ಹಾಕುತ್ತಿದ್ದಳು.

ಈ ಪದ್ದಿ ಹೋದ ವರ್ಷದ ಹಿಂದಿನ ವರ್ಷ ದೀಕ್ಷೆ ತೆಗೆದುಕೊಂಡಳು. ಸಿಟ್ಟಿನಿಂದಲ್ಲ, ಸೋತು ಅಲ್ಲ. ನಗುನಗುತ್ತಲೇ ಹೋದಳು. ಕೂದಲು ಹೋಯಿತು, ಹೆಸರು ಹೋಯಿತು, ಫೋನು ಹೋಯಿತು. ಗ್ರೂಪಿನಲ್ಲಿ 'ಪದ್ದಿ ಲೆಫ್ಟ್' ಅಂತ ಒಂದು ಸಾಲು ಬಂತು. ಆ ಸಾಲನ್ನು ನಾನು ಇವತ್ತಿಗೂ ಮೇಲೆ ಸರಿಸಿ ಸರಿಸಿ ನೋಡುತ್ತೇನೆ.

ಈಗ ನಮಗೆ ಇಡೀ ಊರು ಖುಲ್ಲಾ. ಉಳ್ಳಾಗಡ್ಡಿಯ ಕಾಂದಾಭಜಿ ತಿನ್ನಬಹುದು. ರಾತ್ರಿ ಡಿನ್ನರಿಗೂ ಹೋಗಬಹುದು. ಹೋಗಿದ್ದೇವೆಯೇ? ಒಂದು ಸಲವೂ ಇಲ್ಲ. ಮೊನ್ನೆ ಹೇಗೋ ಕ್ಯಾಂಪ್ ಕಡೆಯ ಹೊಸ ಕೆಫೆಯೊಂದು ನಿಶ್ಚಯವಾಯಿತು. ವೇಟರ್ ಬಂದು ನಿಂತ. ನನ್ನ ಬಾಯಿಂದ ಬಂದ ಮೊದಲ ಮಾತು ಏನು ಗೊತ್ತೇ? 'ಉಳ್ಳಾಗಡ್ಡಿ, ಬಳ್ಳೊಳ್ಳಿ ಹಾಕಬ್ಯಾಡ್ರಿ.'

ಯಾರೂ ತಿದ್ದಲಿಲ್ಲ. ಹಾಗೇ ತಿಂದೆವು, ಸಪ್ಪಗೆ.

ಅದಾದ ಮೇಲೆ ಒಂದು ದಿನ ಶುಭಾಂಗಿಯ ಮೆಸೇಜ್ ಬಂತು. ಅವಳ ತವರು ಖಾನಾಪುರ. 'ಪದ್ದಿ ಚಾತುರ್ಮಾಸಕ್ಕ ಖಾನಾಪುರಕ್ಕ ಬಂದಾಳಂತ. ದಿನಾ ಹತ್ತೂವರಿ ಸುಮಾರಿಗೆ ಆಹಾರಕ್ಕ ಹೊರಡ್ತಾಳಂತ. ರವಿವಾರ ಹೋಗೂಣು?'

ಹತ್ತೂವರೆ! ನಮ್ಮದೇ ಟೈಮು. ಈ ಸಲ ಪಾರ್ಕಿಂಗ್ ಬಗ್ಗೆ ಯಾರೂ ಕೇಳಲಿಲ್ಲ.

ಖಾನಾಪುರದಲ್ಲಿ ನಾವು ಇಳಿದದ್ದು ಪದ್ದಿಯ ಅಕ್ಕ ಸುನಂದಕ್ಕನ ಮನೆಯಲ್ಲಿ. ಆಕೆ ಮಡಿಯುಟ್ಟು, ಕಲಶ ಮತ್ತು ತೆಂಗಿನಕಾಯಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಆ ಓಣಿಯ ಬೇರೆ ಬಾಗಿಲುಗಳಲ್ಲೂ ಹಾಗೇ ಜನ ನಿಂತಿದ್ದರು. ಮಂಗಲಾ ಬ್ಯಾಗಿನಿಂದ ಮೆಲ್ಲಗೆ ಒಂದು ಡಬ್ಬಿ ತೆಗೆದಳು. ಕುಂದಾ! ನಮಗೂ ಹೇಳದೆ ತಂದಿದ್ದಳು.

ಸುನಂದಕ್ಕ ಬೈಯಲಿಲ್ಲ. 'ಹೊರಗಿಂದು ನಡ್ಯಾಂಗಿಲ್ಲವ್ವ. ಅಲ್ಲದ ಮಾತಾಜಿ ಸಕ್ಕರಿ ಬಿಟ್ಟಾರ' ಎಂದರು. ಸ್ವಂತ ತಂಗಿಯನ್ನು ಬಹುವಚನದಲ್ಲಿ ಕರೆಯುವುದು ಅವರಿಗೆ ರೂಢಿಯಾಗಿತ್ತು. ನನಗೆ ಇನ್ನೂ ಆಗಿರಲಿಲ್ಲ.

'ಇವತ್ತ ನಿಮ್ಮ ಮನಿಗೇ ಬರ್ತಾಳ... ಬರ್ತಾರೇನ್ರಿ ಅಕ್ಕಾ?' ಎಂದೆ.

'ಯಾರಿಗೆ ಗೊತ್ತ? ಮನಸಿನ್ಯಾಗ ಒಂದು ನೇಮ ಹಿಡಕೊಂಡು ಹೊರಡ್ತಾರ. ಕಲಶ ಹಿಡದವ್ರು ಕಂಡ್ರ ನಿಲ್ಲೂದು, ಇಲ್ಲಾ ಗಂಡಹೆಂಡ್ತಿ ಜೋಡೀಲೆ ನಿಂತಿದ್ರ ನಿಲ್ಲೂದು, ಹಿಂಗ ಏನರ ಒಂದು. ಯಾರಿಗೂ ಹೇಳಂಗಿಲ್ಲ. ಅದು ಎಲ್ಲೂ ಕಾಣಲಿಲ್ಲಂದ್ರ ಅವತ್ತು ಉಪಾಸ.'

ನೋಡಿ, ಜಾಗ ಆರಿಸುವ ಕೆಲಸ ಪದ್ದಿಯನ್ನು ಅಲ್ಲೂ ಬಿಟ್ಟಿರಲಿಲ್ಲ. ಶುಭಾಂಗಿ ನನ್ನ ಕಿವಿಯಲ್ಲಿ, 'ಮೂರು ಮಂದಿ ಹೆಂಗಸರು ಒಟ್ಟಿಗೆ ನಿಂತಿರಬೇಕು ಅಂತ ಹಿಡದಿದ್ರ?' ಎಂದಳು. ಹುಚ್ಚು ಮಾತು. ಆದರೂ ಮೂವರೂ ಭುಜಕ್ಕೆ ಭುಜ ಹಚ್ಚಿ ಸುನಂದಕ್ಕನ ಹಿಂದೆ ನಿಂತೆವು.

ಅವಳು ಬಂದಳು. ಬಿಳಿ ಸೀರೆ, ಕೈಯಲ್ಲಿ ನವಿಲುಗರಿಯ ಪಿಂಛಿ, ಕಣ್ಣು ನೆಲದ ಮೇಲೆ. ಎಷ್ಟು ತೆಳ್ಳಗಾಗಿದ್ದಳು! ಸುನಂದಕ್ಕ ಬಾಗಿ, 'ವಂದಾಮಿ ಮಾತಾಜಿ, ಅತ್ರ ತಿಷ್ಠ, ತಿಷ್ಠ' ಎಂದರು. ಇಲ್ಲೇ ನಿಲ್ಲಿ ಎಂದು ಬೇಡಿಕೊಳ್ಳುವ ಮಾತು ಅದು. ಪದ್ದಿ ಕತ್ತೆತ್ತಿದಳು. ಕಲಶ ನೋಡಿದಳು, ಕಾಯಿ ನೋಡಿದಳು, ನಮ್ಮನ್ನೂ ನೋಡಿದಳು. ಈಗ 'ಕುಂದರ್ರಿ' ಅಂತಾಳೆ ಅಂತ ನನಗೆ ಖಂಡಿತ ಅನ್ನಿಸಿತು.

ಅವಳು ಮುಂದೆ ನಡೆದಳು.

ಓಣಿಯ ತುದಿಯ ಮನೆಯಲ್ಲಿ, ಬಾಳೆಹಣ್ಣು ಹಿಡಿದು ನಿಂತ ವಯಸ್ಸಾದ ದಂಪತಿಯ ಮುಂದೆ ನಿಂತಳು. ಸುನಂದಕ್ಕ ನಮ್ಮನ್ನೂ ಅಲ್ಲಿಗೆ ಕರೆದೊಯ್ದು ಹೊಸ್ತಿಲಾಚೆ ನಿಲ್ಲಿಸಿದರು. ಪದ್ದಿ ಕೂತು ಎರಡೂ ಕೈ ಜೋಡಿಸಿ ಬೊಗಸೆ ಮಾಡಿದಳು. ಆ ಬೊಗಸೆಗೆ ಅವರು ಅನ್ನ ಹಾಕಿದರು, ಹಾಲು ಹಾಕಿದರು. ದಿನಕ್ಕೆ ಅದೊಂದೇ ಊಟ, ನೀರೂ ಆವಾಗಲೇ. ನಮ್ಮ ತಟ್ಟೆಗೆ ಚಮಚ ಹಾಕುತ್ತಿದ್ದ ಕೈಗಳು ಅವು. ಮಂಗಲಾ ಬಿಕ್ಕಿದಳು.

ಸುನಂದಕ್ಕ ಅವಳ ರಟ್ಟೆ ಹಿಡಿದು ಪಿಸುಗುಟ್ಟಿದರು: 'ಅಳಬ್ಯಾಡವ್ವ. ಅಳೂ ದನಿ ಕಿವಿಗೆ ಬಿದ್ರ ಅಂತರಾಯ ಆಗತೈತಿ. ಕೈಯಾಗಿನ ತುತ್ತು ಬಿಟ್ಟು ಎದ್ದಬಿಡ್ತಾರ. ಮತ್ತ ನಾಳಿ ತನಕ ನೀರೂ ಇಲ್ಲ.'

ಏನು ಮಾಡುವುದು ಹೇಳಿ? ನೋಡಬೇಕು ಅಂತ ಅಷ್ಟು ದೂರ ಹೋದವರು ನಾವು. ಅವಳ ಹೊಟ್ಟೆ ತುಂಬಬೇಕಾದರೆ ನಾವು ಅಲ್ಲಿರಬಾರದು. ಮೂವರೂ ಸೆರಗು, ದುಪಟ್ಟಾ ಬಾಯಿಗೆ ಒತ್ತಿಕೊಂಡು, ಸದ್ದಾಗದಂತೆ ಓಣಿ ದಾಟಿ ಕಾರಿನೊಳಗೆ ಕೂತು ಗ್ಲಾಸ್ ಏರಿಸಿದೆವು. ಆಮೇಲೆ ಜೋರಾಗಿಯೇ ಅತ್ತೆವು.

ಬಹಳ ಹೊತ್ತಿನ ಮೇಲೆ ಸುನಂದಕ್ಕ ಬಂದು ಗ್ಲಾಸ್ ತಟ್ಟಿದರು. 'ಪೂರಾ ಆಹಾರ ಆತು. ಏನೂ ತೊಂದ್ರಿ ಆಗಲಿಲ್ಲ' ಎಂದರು. ಮಂಗಲಾ ಡಬ್ಬಿ ತೆರೆದಳು. ಕಾರಿನಲ್ಲೇ ಕುಂದಾ ತಿಂದೆವು, ಒಂದೇ ಚಮಚದಲ್ಲಿ. ಡಬ್ಬಿಯಲ್ಲಿ ಒಂದು ಪಾಲು ಹಾಗೇ ಉಳಿಯಿತು, ಅದನ್ನು ಯಾರೂ ಮುಟ್ಟಲಿಲ್ಲ.

ಅವಳು ಆರಿಸಿಕೊಂಡದ್ದು ದೊಡ್ಡದು, ನನಗೆ ಗೊತ್ತು. ಮಾತಾಜಿಗೆ ಕೈಮುಗಿಯುತ್ತೇನೆ. ಆದರೂ ನನಗೆ ಪದ್ದಿ ಬೇಕು. ಎದುರಿನ ಕುರ್ಚಿಯಲ್ಲಿ ಕೂತು 'ಏಳ್ರಿ' ಅನ್ನುವ ಪದ್ದಿ.

ಈ ಶನಿವಾರವೂ ಗ್ರೂಪಿನಲ್ಲಿ ಲಿಂಕ್ ಬಂದಿದೆ, ಯಾರೂ ಉತ್ತರ ಕೊಟ್ಟಿಲ್ಲ. ನನ್ನ ತಲೆಯಲ್ಲಿ ಮಾತ್ರ ಒಂದೇ ಪ್ರಶ್ನೆ. ಆ ಬೆಳಿಗ್ಗೆ ಪದ್ದಿ ಮನಸ್ಸಿನಲ್ಲಿ ಹಿಡಿದ ನೇಮ ಏನಿದ್ದೀತು? ನಾವು ಮೂವರು ನಿಂತಿರದ ಬಾಗಿಲು ಅಂತಲೇ?