ಎಡಗೈಯಲ್ಲಿ ಬಡಿಸಿದ ವೀರ

ಯೆರವಡಾದ ಐಟಿ ಪಾರ್ಕಿನ ಎದುರಿನ ಹೋಟೆಲಿನಲ್ಲಿ ತನಿಯಪ್ಪ ಇಪ್ಪತ್ತಾರು ವರ್ಷದಿಂದ ಸಪ್ಲಾಯರ್. ಎಡಗೈ ಮೇಲೆ ಮಣಿಕಟ್ಟಿನಿಂದ ಭುಜದವರೆಗೆ ಎಂಟು ದೋಸೆ ತಟ್ಟೆ ಸಾಲಾಗಿ ಜೋಡಿಸಿಕೊಂಡು, ಸೊಂಟ ತುಸು ವಾಲಿಸಿ, ಗಿರಾಕಿಗಳ ನಡುವೆ ನುಸುಳುತ್ತಾನೆ. ಬಲಗೈಯಿಂದ ಒಂದೊಂದೇ ತಟ್ಟೆ ಮೇಜಿಗೆ ಜಾರಿಸಿದರೆ ಚಟ್ನಿ ಅಲುಗದು.

ಈ ನಡಿಗೆಯನ್ನು ಧಾರವಾಡ ಕಡೆಯ ಪೃಥ್ವಿರಾಜ್ ಮೂರು ದಿನ ಫೋನಿನಲ್ಲಿ ಹಿಡಿದುಕೊಂಡ. ಆತ ಎದುರಿನ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ವಿಡಿಯೋ ಗೇಮ್ ಮಾಡಿಸುವವ. ಹಳೇ ಕಾಲದ ಗೇಮಿನಂತೆ ಚೌಕ ಚುಕ್ಕಿಗಳ ಚಿತ್ರ; ಉದ್ದ ಕೋಟಿನ ವೀರನೊಬ್ಬ ಪರದೆಯ ಎಡದಿಂದ ಬಲಕ್ಕೆ ನಡೆಯುತ್ತ ರಾಕ್ಷಸರನ್ನು ಸವರಬೇಕು. ಹನ್ನೊಂದು ಮಂದಿ ವರ್ಷವಿಡೀ ಕೂತರೂ ವೀರನ ನಡಿಗೆಗೆ ಸ್ಟೈಲ್ ಬಂದಿರಲಿಲ್ಲ. ತನಿಯಪ್ಪನಿಂದ ಬಂತು. ತಟ್ಟೆಗಳು, ಬಲಗೈಯಿಂದ ರಾಕ್ಷಸರತ್ತ ಒಂದೊಂದೇ ಜಾರಿಸುವ ಉಕ್ಕಿನ ಚಕ್ರಗಳಾದವು. ತನಿಯಪ್ಪನ ಹೆಗಲ ಮೇಲಿನ ಮೇಜು ಒರೆಸುವ ಬಟ್ಟೆ ಮಾತ್ರ ಹಾಗೇ ಉಳಿಯಿತು. ಒಬ್ಬನನ್ನು ಕೊಂದ ಮೇಲೆ ವೀರ ಜಾಗ ಒರೆಸಿ ಮುಂದೆ ಹೋಗುತ್ತಾನೆ.

ಗೇಮು ಮುಗಿದಾಗ ಮಾಡಿದವರ ಹೆಸರುಗಳು ಮೇಲೇರುತ್ತವೆ. ಅದರಲ್ಲಿ ಆಫೀಸಿನ ಬೆಕ್ಕಿಗೂ ಜಾಗವಿದೆ, ಹುದ್ದೆ ‘ಮನೋಬಲ ಅಧಿಕಾರಿ’. ತನಿಯಪ್ಪ ಇಲ್ಲ.

"ಬೆಕ್ಕಿಗಿಂತ ಕಡೆಯಾ ನೀವು?" ಹೆಂಡತಿ ಅಕ್ಕು ಕೇಳಿದಳು. "ಗೇಮಿನಲ್ಲಿ ನಡೆಯುವುದು ನೀವೇ ಅಂತ ಬೀಗರಿಗೆಲ್ಲ ಹೇಳಿಯಾಗಿದೆ ಮಾರಾಯ್ರೆ!"

ಊಟದ ರಶ್ ಮುಗಿದೊಡನೆ ತನಿಯಪ್ಪ ನಾಲ್ಕನೇ ಮಹಡಿ ಹತ್ತಿದ.

"ನನ್ನ ಹೆಸರು ಹಾಕಿ. ಬೇರೇನೂ ಬೇಡ."

"ನೀವು ನಮ್ಮ ಸ್ಟಾಫ್ ಅಲ್ಲಲ್ರಿ," ಎಂದ ಪೃಥ್ವಿರಾಜ್.

"ಬೆಕ್ಕು ಎಂಥ ಇಂಟರ್‌ವ್ಯೂ ಕೊಟ್ಟಿತ್ತು?"

ಹದಿನೇಳು ದಿನ ಹತ್ತಿ ಇಳಿದ ಮೇಲೆ ಹೆಸರು ಸೇರಿತು. "ಖುಷಿ ಆತಿಲ್ಲೊ? ಈಗ ನೀವೂ ಒಮ್ಮೆ ಆಡಿ ನೋಡ್ರಿ," ಎಂದ ಪೃಥ್ವಿರಾಜ್.

ತನಿಯಪ್ಪ ವೀರನನ್ನು ನಡೆಸಿದ. ಹಿಂದಿನಿಂದ ರಾಕ್ಷಸನೊಬ್ಬ ಬಂದ. ವೀರನನ್ನು ತಿರುಗಿಸಿದ್ದೇ ತಡ, ಚಕ್ರಗಳೆಲ್ಲ ಬಲತೋಳಿಗೆ ಹಾರಿದವು. ವೀರ ಎಡಗೈಯಿಂದ ಬಡಿಸತೊಡಗಿದ.

"ಅಯ್ಯೋ, ಎಡಗೈ!"

"ಹಳೇ ಗೇಮಿನಾಗ ಹಂಗ ಇರ್ತದ್ರಿ. ಒಂದ ಚಿತ್ರ, ಕನ್ನಡಿಯೊಳಗ ನೋಡಿದಂಗ ತಿರುವಿ ಹಾಕ್ತೀವಿ."

"ನಾಯಿಗೂ ನಾನು ಎಡಗೈಯಲ್ಲಿ ಹಾಕಿದವನಲ್ಲ. ಬೇರೆ ಚಿತ್ರ ಬರೆಸಿ!"

"ಅವರು ರಾಕ್ಷಸರ್ರೀ!"

"ಎದುರಿಗೆ ಬಂದವ ಗಿರಾಕಿಯೇ."

ಹೊಸ ಚಿತ್ರಕ್ಕೆ ಎರಡು ತಿಂಗಳು ಬೇಕು. ಹೆಸರು ಅಳಿಸಲು ಒಂದು ನಿಮಿಷ ಸಾಕು. ಒಬ್ಬನ ಇಪ್ಪತ್ತಾರು ವರ್ಷದ ಕಸುಬನ್ನು ಮೂರು ದಿನದಲ್ಲಿ ಎತ್ತಿಕೊಂಡವರಿಗೆ ಯಾವುದು ಸುಲಭವೆಂದು ಹೇಳಬೇಕೆ? ಆದರೆ ಆ ಮಾತನ್ನೂ ತನಿಯಪ್ಪನೇ ಆಡಬೇಕಾಯಿತು: "ಹಾಗಾದ್ರೆ ನನ್ನ ಹೆಸರು ತೆಗೀರಿ."

ತೆಗೆದರು. ಖಾಲಿ ಜಾಗ ತುಂಬಲು ಬೆಕ್ಕಿನ ಹೆಸರನ್ನು ದಪ್ಪ ಮಾಡಿದರು. ಅಕ್ಕು ಆ ಎಡಗೈ ನೋಡಿ, "ಥೂ, ಬೆಕ್ಕೇ ಹೊತ್ಕೊಳ್ಳಲಿ ಇದನ್ನು," ಎಂದಳು.

ಮರುದಿನ ಪೃಥ್ವಿರಾಜ್ ತಿಂಡಿಗೆ ಬಂದ. ತನಿಯಪ್ಪ ಮೇಜು ಒರೆಸಿ, ಬಲಗೈಯಿಂದ ದೋಸೆ ಇಟ್ಟ. ಚಟ್ನಿ ಅಲುಗಲಿಲ್ಲ.

"ಅಧಿಕಾರಿಗಳಿಗೆ ಹಾಲು ಪಾರ್ಸೆಲ್ ಕಟ್ಟಬೇಕಾ?" ಎಂದು ಕೇಳಿದ.