ಗೌರವ್ವನ ಬಿಗರಿಯಲ್ಲಿ ಎರಡೇ ಪ್ರಶ್ನೆ

ಕೋಳಿ ಕೂಗುವ ಹೊತ್ತಿಗೆ ಗೌರವ್ವ ಕಸಬರಿಗೆ ಹಿಡಿದು ನಿಂತಿರುತ್ತಾಳೆ. ಕಲ್ಲೋಳಿ ಊರು ಖಾಲಿ. ಪ್ಲೇಗಿಗೆ ಹೆದರಿ ಜನರೆಲ್ಲ ಹೊಲಗಳಲ್ಲಿ ಜೋಪಡಿ ಹಾಕಿಕೊಂಡಿದ್ದಾರೆ. ೧೯೧೧ರ ಈ ಚಳಿಯಲ್ಲಿ ಸಾಲೆಯೂ ಬೇವಿನ ಮರದ ಕೆಳಗೆ ಬಂದು ಕೂತಿದೆ. ಗೌರವ್ವ ಎಲೆ ಗುಡಿಸಿ, ನೀರು ಚಿಮುಕಿಸಿ, ಕೊಡ ತುಂಬಿಡುವಷ್ಟರಲ್ಲಿ ದೂರುಗಳ ಸಂತೆ ಶುರುವಾಗುತ್ತದೆ.

"ಆಯಿ, ಯಲ್ಲಾರಿ ತನ್ನ ಪಾಟಿಗೆ ಉಗುಳು ಹಚ್ಚಿ ಒರಸ್ಯಾನ!" ಎಂದು ಪುಟ್ಟ ಕಮಲವ್ವ ಓಡಿ ಬರುತ್ತಾಳೆ.

"ಹೇಳಿದ್ರ ಯಾರಿಗೆ ಏಟು ಬೀಳತಾವು?" ಗೌರವ್ವ ತಲೆ ಎತ್ತದೆಯೇ ಕೇಳುತ್ತಾಳೆ.

"ಅವಗ."

"ಹೇಳದಿದ್ರ ಯಾರಿಗೆ ಪೆಟ್ಟಾಗತೈತಿ?"

ಕಮಲವ್ವ ಮೂಗು ಕೆರೆದು ಯೋಚಿಸುತ್ತಾಳೆ. "ಯಾರಿಗೂ ಇಲ್ಲ."

"ಹಂಗಾರ ಅದು ಚಾಡಿ. ಹೋಗಿ ಕುಂಡ್ರು."

ಗುಡಿಸುವುದು, ನೀರು ತರುವುದು ಅಷ್ಟೇ ಇವಳ ಕೆಲಸ. ಆದರೆ ಮಾಸ್ತರು ಒಬ್ಬರು, ಇಯತ್ತೆಗಳು ನಾಲ್ಕು. ಹಾಗಾಗಿ ಬಿಗರಿಯನ್ನು, ಅಂದರೆ ಒಂದನೆಯ ಇಯತ್ತೆಗೂ ಮೊದಲಿನ ಚಿಳ್ಳೆಪಿಳ್ಳೆಗಳನ್ನು, ಇವಳ ಸೆರಗಿಗೆ ಕಟ್ಟಿ ಅವರು ಕೈ ತೊಳೆದುಕೊಂಡಿದ್ದಾರೆ.

ಈ ಎರಡು ಪ್ರಶ್ನೆಗಳಿಗೆ ಗೌರವ್ವ ತೆತ್ತ ಬೆಲೆ ಸಣ್ಣದಲ್ಲ. ಹಿಂದಿನ ಪ್ಲೇಗಿನಲ್ಲಿ, ಸುದ್ದಿ ಹಬ್ಬಿದರೆ ಊರು ಬಿಡಬೇಕಾದೀತೆಂದು ನೆರೆಮನೆಯವರು ರೋಗದ ಮುನ್ಸೂಚನೆಯಾದ ಸತ್ತ ಇಲಿಯನ್ನು ತಿಪ್ಪೆಯಲ್ಲಿ ಹೂತು ಸುಮ್ಮನಾದರು. ಅದನ್ನು ಕಂಡ ಮಗುವಿಗೆ ಚಾಡಿ ಹೇಳಬಾರದೆಂದು ಗದರಿಸಿದರು. ಗೌರವ್ವನ ಗಂಡನೂ ಮಗಳೂ ಒಂದೇ ವಾರದಲ್ಲಿ ಹೋದರು.

"ಆ ಕೂಸಿನ ಮ್ಯಾಲ ನನಗ ಸಿಟ್ಟಿಲ್ರಿ. ಯಾವ್ದು ಹೇಳಬೇಕು, ಯಾವ್ದು ಬಿಡಬೇಕು ಅಂತ ಅದಕ್ಕ ಯಾರು ಕಲಿಸಿದ್ರು?" ಎನ್ನುತ್ತಾಳೆ.

ಈ ಸಲ ಅರಳೆ ವ್ಯಾಪಾರಿ ತವನಪ್ಪನವರ ಮನೆಯಲ್ಲಿ ಮಗಳ ಮದುವೆಯ ಚಪ್ಪರ ಏಳುತ್ತಿರುವಾಗಲೇ ಕಾಳಿನ ಕೋಣೆಯಲ್ಲಿ ಇಲಿ ಸತ್ತುಬಿತ್ತು. ಸುದ್ದಿ ಹೊರಬಿದ್ದರೆ ಮದುವೆ ನಿಲ್ಲುತ್ತದೆ, ಯಾರೂ ತುಟಿ ಬಿಚ್ಚಕೂಡದು ಎಂದು ಅಪ್ಪಣೆಯಾಯಿತು. ಅವರ ಆರು ವರ್ಷದ ಮೊಮ್ಮಗ ಬಾಹುಬಲಿ ಸಾಲೆಗೆ ಬಂದು ಗೌರವ್ವನ ಸೆರಗು ಹಿಡಿದ.

"ಆಯಿ, ಮನಿ ಮಾತು ಹೊರಗ ಹೇಳಿದ್ರ ಚಾಡಿ ಏನ?"

ಗೌರವ್ವ ತನ್ನ ಎರಡು ಪ್ರಶ್ನೆ ಕೇಳಿದಳು. ಹೇಳಿದರೆ ಏಟು ಯಾರಿಗೆ? "ನನಗ," ಎಂದ ಹುಡುಗ. ಹೇಳದಿದ್ದರೆ ಪೆಟ್ಟು ಯಾರಿಗೆ? ಅವನಿಗೆ ಅಳು ನುಗ್ಗಿ ಬಂತು. "ಇಲಿ ಬಿದ್ದ ಕ್ವಾಣ್ಯಾಗ ನಮ್ಮ ತಂಗಿ ಜಿನ್ನಿ ಮಲಗತಾಳ."

ಗೌರವ್ವ ನೇರ ಊರಗೌಡರ ಮನೆಗೆ ನಡೆದಳು. ಸಂಜೆಯೊಳಗೆ ಊರು ಗಂಟುಮೂಟೆ ಕಟ್ಟತೊಡಗಿತು. ಮದುವೆ ನಿಂತಿತು. ತವನಪ್ಪನವರು ಕೆಂಡವಾಗಿ ಬಂದರು. "ನಮ್ಮ ಕೂಸಿಗೆ ಚಾಡಿ ಕಲಿಸೀದಿ ಏನ?"

"ಗೌಡ್ರಿಗೆ ಹೇಳಿದಾಕಿ ನಾನ್ರಿ, ಸಾವಕಾರ್ರ. ಬೈಯೂದಿದ್ರ ನನಗ ಬೈರಿ."

ಬೈದರು. ಆದರೆ ಹೊಡೆತ ಬಿದ್ದದ್ದು ಹುಡುಗನಿಗೇ. ಮನೆಮಂದಿಯೆಲ್ಲ ಚಾಡಿಕೋರ ಎಂದು ಹೆಸರಿಟ್ಟರು. ಅಂದಿನಿಂದ ಅವನು ಸಾಲೆಗೆ ಬರಲಿಲ್ಲ, ಯಾರ ಹತ್ತಿರವೂ ಮಾತಾಡಲಿಲ್ಲ. ಊರು ಬಿಡಲು ತಡಮಾಡಿದ ಓಣಿಯಲ್ಲಿ ಎರಡು ಹೆಣ ಬಿದ್ದವು. ತವನಪ್ಪನವರ ಜೋಪಡಿಯಲ್ಲಿ ಒಬ್ಬರಿಗೂ ಮೈ ಬೆಚ್ಚಗಾಗಲಿಲ್ಲ. ಆದರೂ ಅವರ ಸಿಟ್ಟು ಇಳಿದಿಲ್ಲ.

"ಅವರ ಸಿಟ್ಟು ಅವರಿಗಿರ್ಲಿ," ಎನ್ನುತ್ತಾಳೆ ಗೌರವ್ವ. "ಒಳ್ಳೇದಕ್ಕ ಬಾಯಿ ಬಿಟ್ಟು ಹೊಡತ ತಿಂದ ಕೂಸು, ನಾಳೆ ಹಾವು ಕಂಡ್ರೂ ಹೇಳಾಂಗಿಲ್ರಿ. ಅದ ನನ್ನ ನಿದ್ದಿ ಕೆಡಿಸೇತಿ."

ಇವತ್ತು ಪ್ರಾರ್ಥನೆಗೆ ಮೊದಲೇ ಬಾಹುಬಲಿ ಬರುತ್ತಿದ್ದಾನೆ. ಮೂರು ವರ್ಷದ ಜಿನ್ನಿಯನ್ನು ರಟ್ಟೆ ಹಿಡಿದು ದರದರ ಎಳೆದುಕೊಂಡೇ ಬರುತ್ತಿದ್ದಾನೆ. ಅವಳ ತುಟಿಯೆಲ್ಲ ಬೆಳ್ಳಗೆ.

"ಆಯಿ! ಜಿನ್ನಿ ನನ್ನ ಬಳಪ ತಿಂದಾಳ! ಬೆನ್ನಿಗೊಂದು ಕೊಡು ಇಕಿಗೆ!"

ಮಕ್ಕಳೆಲ್ಲ ಗೌರವ್ವನ ಪ್ರಶ್ನೆಗೆ ಕಾಯುತ್ತಾರೆ. ಗೌರವ್ವ ಕಸಬರಿಗೆ ಬಿಸಾಕಿ ನೆಲಕ್ಕೆ ಕೂತು ಇಬ್ಬರನ್ನೂ ಮಡಿಲಿಗೆ ಎಳೆದುಕೊಳ್ಳುತ್ತಾಳೆ. ಮತ್ತೆ ಬಾಯಿಬಿಟ್ಟ ಹುಡುಗನ ತಲೆ ನೇವರಿಸಿ ನಗುತ್ತಾಳೆ.

"ಇದು ಖರೇನ ಚಾಡಿ ನೋಡು ಮಗನ," ಎನ್ನುತ್ತಾಳೆ. "ಹೇಳು, ಎಲ್ಲಾ ಹೇಳು. ಎಷ್ಟು ತಿಂದ್ಲು?"