ತಮ್ಮನಿಗೆ ಕೊಡದ ಚೆಂಡು

ನನ್ನ ತಮ್ಮ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದ. ನಾನು ಓದಿದ್ದು ಮೂರನೇ ಕ್ಲಾಸು, ಆ ಆಟದ ಕಾನೂನು ನನಗೆ ತಿಳಿಯದು. ಆದರೆ ಹತ್ತು ಜನ ಓಡುವಾಗ ನೋಡುವವರ ಕಣ್ಣೆಲ್ಲ ಒಬ್ಬನ ಮೇಲೇ ಇದ್ದರೆ ಅವನು ಎಂಥವನೆಂದು ತಿಳಿಯಲು ಶಾಲೆ ಬೇಕಿಲ್ಲ.

ಅವನು ಹರಿಹರದಿಂದ ಬಂದು ದಾವಣಗೆರೆಯ ನಮ್ಮ ಮನೆಯಲ್ಲೇ ಇದ್ದ. ಅವನೂ ನನ್ನ ಗಂಡನೂ ಒಂದೇ ಬಟ್ಟೆ ಮಿಲ್ಲಿನಲ್ಲಿ ಬದ್ಲಿಗಳು. ಕಾಯಂ ಆಳು ಬಾರದ ದಿನ ಅವನ ಜಾಗಕ್ಕೆ ನಿಲ್ಲುವವನೇ ಬದ್ಲಿ. ಬೆಳಿಗ್ಗೆ ಗೇಟಿನ ಮುಂದೆ ನಿಲ್ಲಬೇಕು, ಪಟ್ಟಿಯ ಪ್ರಕಾರ ಕರೆಯುತ್ತಾರೆ. ಕರೆಯದಿದ್ದರೆ ಬುತ್ತಿ ಹಿಡಿದು ವಾಪಸು ಮನೆಗೆ. ಕಾಯಂ ಜಾಗ ಖಾಲಿಯಾದರೆ ಅದು ಪಟ್ಟಿಯ ಮೊದಲನೆಯವನಿಗೆ. ಎಂಟು ವರ್ಷ ನಿಂತು ನನ್ನ ಗಂಡ ಮೊದಲನೆಯವನಾಗಿದ್ದ. ತಮ್ಮ ಕೊನೆಯವನು.

ಇಬ್ಬರೂ ಮಿಲ್ಲಿನ ಟೀಮಿನಲ್ಲಿದ್ದರು. ಆ ವರ್ಷ ಒಂದು ಜಾಗ ಖಾಲಿಯಾಯಿತು. ಟೀಮು ನೋಡಿಕೊಳ್ಳುತ್ತಿದ್ದ ಮೇಸ್ತ್ರಿ ನಮ್ಮ ಬಾಗಿಲಿಗೇ ಬಂದ.

"ಹರಿಹರದ ಮ್ಯಾಚ್ ಗೆದ್ರೆ ಈ ಹುಡುಗನ್ನ ಕಾಯಂ ಮಾಡಸ್ತೀನಿ. ಇವನ್ನ ಇಟ್ಕೊಂಡೇ ಟೀಮ್ ಕಟ್ಟಬೇಕು ಅಂತ ಮಾಲೀಕರು ಅಂದಾರೆ."

ಅವನು ಹೋದ ಮೇಲೆ ನನ್ನ ಗಂಡ ಉದ್ದಾಳು ತಮ್ಮನನ್ನು ತಲೆಯೆತ್ತಿ ನೋಡಿ ನಕ್ಕ. "ಏನ್ ಲಂಬೂ, ಇನ್ಮ್ಯಾಲೆ ನಾನೇ ನಿನಗೆ ನಮಸ್ಕಾರ ಹೊಡೀಬೇಕೇನು?"

"ನಿನ್ನ ದಾಟಿ ಹೋಗೋಕೆ ಮನಸ್ಸಿಲ್ಲ ಮಾವ," ಎಂದ ತಮ್ಮ. "ಆದ್ರೆ ಬ್ಯಾಡ ಅನ್ನೋಕೂ ಆಗವಲ್ದು."

ಪಂದ್ಯದ ದಿನ ಬೆಳಿಗ್ಗೆ ರೊಟ್ಟಿ ಬಡಿಯುತ್ತಾ ಗಂಡನಿಗೆ ನಾನೇ ಹೇಳಿದೆ: "ಎಂಟು ವರ್ಷ ಗೇಟಿನಾಗೆ ನಿಂತೋರು ನೀವು. ಚೆಂಡು ನಿಮ್ಮ ಕೈಗೂ ಬರ್ತೈತಲ್ರಿ. ಅವನಿಗೇ ಕೊಡಬೇಕಂತ ಏನೈತೆ?"

ನನಗೆ ಎರಡು ಕೂಸುಗಳಿದ್ದವು. ಅವತ್ತು ನಾನು ಅಕ್ಕನಾಗಿರಲಿಲ್ಲ.

ಹರಿಹರದಲ್ಲಿ ನಮ್ಮವ್ವನೂ ಆಟ ನೋಡಲು ಬಂದಿದ್ದಳು. ತಮ್ಮ ಬುಟ್ಟಿಯ ಹತ್ತಿರ ಕೈ ಎತ್ತಿ "ಮಾವ, ಇಲ್ಲಿ" ಎನ್ನುತ್ತಿದ್ದ. ನನ್ನ ಗಂಡ ಆ ಕಡೆ ನೋಡಿ, ಈ ಕಡೆ ಎಸೆಯುತ್ತಿದ್ದ. ಉಳಿದ ಮೂವರೂ ಬದ್ಲಿಗಳೇ, ಪಟ್ಟಿಯಲ್ಲಿ ತಮ್ಮನಿಗಿಂತ ಮುಂದಿದ್ದವರು. ಸ್ವಲ್ಪ ಹೊತ್ತಿಗೆ ಅವರೂ ಹಾಗೇ ಮಾಡತೊಡಗಿದರು. ಎದುರಾಳಿಗಳಿಂದ ತಾನೇ ಕಸಿದುಕೊಂಡ ಚೆಂಡಷ್ಟೇ ತಮ್ಮನ ಪಾಲಿಗೆ. ಅದನ್ನೆಲ್ಲ ಬುಟ್ಟಿಗೆ ಹಾಕಿದ.

"ನಿನ್ನ ಗಂಡಗೆ ಕಣ್ಣು ಕಾಣವಲ್ವೇನೆ? ಹುಡುಗ ಕೈ ಎತ್ತಿ ಎತ್ತಿ ಸಾಕಾದ," ಎಂದಳು ಅವ್ವ.

"ಸುಮ್ಕಿರವ್ವ. ಆಟ ಹಂಗೇ ಇರ್ತೈತೆ."

ಸೋತರು. ವಾರದೊಳಗೆ ಖಾಲಿ ಜಾಗ ತುಂಬಿತು. ಗೆದ್ದ ಹರಿಹರದ ಟೀಮಿನ ಒಬ್ಬ ಆಟಗಾರನನ್ನು ಮಿಲ್ಲಿನವರು ಕರೆತಂದು ಕಾಯಂ ಮಾಡಿದರು. ಟೀಮು ಅವನನ್ನು ನಂಬಿ ಕಟ್ಟುತ್ತಾರಂತೆ. ಪಟ್ಟಿಯನ್ನು ಯಾರೂ ತೆರೆಯಲಿಲ್ಲ. ನನ್ನ ಗಂಡ ಮೊದಲನೆಯವನಾಗಿಯೇ ಉಳಿದ, ತಮ್ಮ ಕೊನೆಯವನಾಗಿಯೇ.

ಒಂದು ದಿನ ಬೆಳಿಗ್ಗೆ ಇಬ್ಬರನ್ನೂ ಕರೆಯದೆ ಕಳಿಸಿದ್ದರು. ಮಧ್ಯಾಹ್ನ ಗಂಡ ಸಂತೆಗೆ ಹೋಗಿದ್ದ. ತಮ್ಮ ಊಟಕ್ಕೆ ಕೂತವನು ತಟ್ಟೆ ನೋಡುತ್ತಾ ಹೇಳಿದ:

"ನನಗೆ ಅಷ್ಟು ಆಟ ಬರಲ್ಲ ಕಣಕ್ಕ. ಬಂದಿದ್ರೆ ಮಾವ ಚೆಂಡು ಕೊಡ್ತಿದ್ದ."

ಬರುತ್ತದೆ ಎಂದು ಹೇಳಬಹುದಿತ್ತು. ಹೇಳಿದರೆ, ಮತ್ತೆ ಯಾಕೆ ಕೊಡಲಿಲ್ಲ ಎಂದು ಕೇಳುತ್ತಿದ್ದ.

"ಉಣ್ಣು," ಎಂದೆ.

ಉಂಡ. ಆಮೇಲೆ ಅವನು ಮೈದಾನದ ಕಡೆ ಹೋಗಲಿಲ್ಲ.